ಹನ್ನೊಂದು ಹಡಗು ಬೇಡ, ಒಂದೇ ಸಾಕು

ನಮಸ್ಕಾರ.

ಅಮೆರಿಕದ ಯುದ್ಧನೌಕೆಗಳ ಸೇವಾ ಚರಿತ್ರೆ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಹನ್ನೊಂದು ಹಡಗು, ಹದಿನಾಲ್ಕು ಪುಟ. ಸುತ್ತಿ ಬಳಸದೆ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಿ ಕೈ ತೊಳೆದುಕೊಳ್ಳಲೂ ಮನಸ್ಸಿಲ್ಲ, ಯಾಕೆಂದರೆ ಒಂಬತ್ತನೇ ಪುಟದಲ್ಲಿ ಒಂದು ಸಾಲಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಭಾಷೆ. ನಿಮ್ಮ ಹಡಗುಗಳೆಲ್ಲ 'ಅವಳು'. ಅವಳು ಬಂದರಿನಿಂದ ಹೊರಟಳು, ಅವಳು ನಾಲ್ಕು ಯುದ್ಧ ನಕ್ಷತ್ರಗಳನ್ನು ಗಳಿಸಿದಳು. ಇಂಗ್ಲಿಷಿನವರು ಹಡಗನ್ನು ಹೆಂಗಸು ಅನ್ನುತ್ತಾರೆ, ಅದು ಅವರ ರೂಢಿ. ಕನ್ನಡದಲ್ಲಿ ಹಡಗು 'ಅದು', ಅಷ್ಟೇ. ಇನ್ನೊಂದು ಕಡೆ ಇಂಗ್ಲಿಷಿನ 'ಶೇಕ್‌ಡೌನ್ ಕ್ರೂಸ್' ಅನ್ನುವುದನ್ನು 'ಅಲುಗಾಡಿಸುವ ಪ್ರಯಾಣ' ಅಂತ ಬರೆದಿದ್ದೀರಿ. ಓದಿ ನಗು ಬಂತು, ಬೇಜಾರಾಗಬೇಡಿ. ಹೊಸ ಹಡಗನ್ನು ಸಮುದ್ರಕ್ಕೆ ಒಯ್ದು, ಎಲ್ಲಿ ಸೋರುತ್ತದೆ, ಯಾವ ಯಂತ್ರ ಕೈಕೊಡುತ್ತದೆ ಅಂತ ನೋಡಿ, ಜೊತೆಗೆ ಹೊಸ ಸಿಬ್ಬಂದಿಯ ಕೈ ಪಳಗಿಸುವ ಓಡಾಟ ಅದು. 'ಪರೀಕ್ಷಾ ಓಟ' ಅಂದರೆ ಮುಗಿಯಿತು. 'ವಿಮಾನವಾಹಕಗಳಿಗೆ ಪರದೆ ಹಾಕಿದಳು' ಅನ್ನುವುದೂ ಇದೇ ಜಾತಿ. ಕಾವಲಿಗೆ ಸುತ್ತ ನಿಂತಿತು ಅನ್ನಿ.

ಭಾಷೆಯನ್ನು ಹೇಗೋ ತಿದ್ದಬಹುದು. ದೊಡ್ಡ ತೊಂದರೆ ಬೇರೆ. ಅಮೆರಿಕದ ನೌಕಾಪಡೆ ತನ್ನ ಒಂದೊಂದು ಹಡಗಿನ ಬಗ್ಗೆಯೂ ಒಂದು ಚಿಕ್ಕ ಚರಿತ್ರೆ ಬರೆದಿಟ್ಟಿದೆ. ಎಲ್ಲವೂ ಒಂದೇ ಅಚ್ಚು. ಯಾವ ಕಟ್ಟೆಯಲ್ಲಿ ಕಟ್ಟಿದರು, ಯಾವ ದಿನ ನೀರಿಗಿಳಿಯಿತು, ನಾಮಕರಣಕ್ಕೆ ಯಾವ ಅಧಿಕಾರಿಯ ಹೆಂಡತಿ ಬಾಟಲಿ ಒಡೆದರು, ಯಾವಾಗ ಸೇವೆಗೆ ಸೇರಿತು, ಎಲ್ಲೆಲ್ಲಿ ಹೋಯಿತು, ಕಾಳಗಗಳಲ್ಲಿ ಪಾಲ್ಗೊಂಡದ್ದಕ್ಕೆ ಎಷ್ಟು ನಕ್ಷತ್ರ, ಯಾವಾಗ ಪಟ್ಟಿಯಿಂದ ತೆಗೆದರು. ನಮ್ಮ ಸರ್ಕಾರಿ ನೌಕರರ ಸರ್ವಿಸ್ ರಿಜಿಸ್ಟರ್ ಇದ್ದ ಹಾಗೆ. ರಿಜಿಸ್ಟರ್ ನೋಡಿ ಪೆನ್ಷನ್ ಲೆಕ್ಕ ಹಾಕಬಹುದು, ಆ ಮೇಷ್ಟ್ರು ಹೇಗೆ ಪಾಠ ಮಾಡುತ್ತಿದ್ದರು ಅಂತ ತಿಳಿಯುವುದಿಲ್ಲ ಅಲ್ವಾ? ನೀವು ಹನ್ನೊಂದು ರಿಜಿಸ್ಟರ್‌ಗಳನ್ನು ಕನ್ನಡಕ್ಕೆ ಇಳಿಸಿದ್ದೀರಿ.

ಟ್ಯಾಂಗ್ ಜಲಾಂತರ್ಗಾಮಿಯನ್ನೇ ನೋಡಿ. ನಿಮ್ಮ ಬರಹದಲ್ಲಿ ಅದು ಆರು ಸಾಲು, ಅದರಲ್ಲೂ ಒಂದು ದೊಡ್ಡ ತಪ್ಪು. 1944ರಲ್ಲಿ ಮುಳುಗಿದ್ದು ನಿಮ್ಮಲ್ಲಿ 1951ರಲ್ಲಿ ಮತ್ತೆ ಸೇವೆಗೆ ಸೇರಿಬಿಟ್ಟಿದೆ! ಅವು ಎರಡು ಬೇರೆ ಬೇರೆ ಟ್ಯಾಂಗ್. ಮೊದಲನೆಯದರ ನಂಬರ್ 306, ಎರಡನೆಯದು 563. ಮುಳುಗಿದ ಹಡಗಿನ ಹೆಸರನ್ನು ಹೊಸದಕ್ಕೆ ಇಡುವುದು ಅಲ್ಲಿ ಮಾಮೂಲು, ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಹಾಗೆ. ಆದ್ದರಿಂದ ಹೆಸರನ್ನು ನಂಬಬೇಡಿ, ನಂಬರ್ ನೋಡಿ.

ಇನ್ನು ನೀವು 'ಸ್ವಂತ ಟಾರ್ಪಿಡೊದಿಂದ ನಾಶವಾಯಿತು' ಅಂತ ಮೂರೇ ಪದದಲ್ಲಿ ಮುಗಿಸಿದ ಸಂಗತಿ. 1944ರ ಅಕ್ಟೋಬರ್ 24ರ ರಾತ್ರಿ ಕಳೆದು 25ರ ನಸುಕು, ತೈವಾನ್ ಜಲಸಂಧಿ. ಕ್ಯಾಪ್ಟನ್ ರಿಚರ್ಡ್ ಓಕೇನ್. ಹೊತ್ತು ತಂದಿದ್ದ 24 ಟಾರ್ಪಿಡೊಗಳಲ್ಲಿ 23 ಮುಗಿದಿವೆ. ಉಳಿದ ಒಂದನ್ನು ಹಾರಿಸಿದರೆ ಮನೆಗೆ ಹೊರಡುವುದೇ. ಹಾರಿಸಿದರು. ಅದು ವಿದ್ಯುತ್ತಿನಿಂದ ಓಡುವ ಮಾರ್ಕ್ 18. ನೇರ ಹೋಗಬೇಕಾದದ್ದು ಎಡಕ್ಕೆ ತಿರುಗಿತು, ನೀರಿನ ಮೇಲೆ ಚಿಮ್ಮುತ್ತಾ ದೊಡ್ಡ ಸುತ್ತು ಹಾಕಿ ಹಾರಿಸಿದವರ ಕಡೆಗೇ ಬಂತು. ಓಕೇನ್ ಪೂರ್ತಿ ವೇಗಕ್ಕೆ ಆರ್ಡರ್ ಕೊಟ್ಟರು, ಹಡಗು ತಿರುಗಿಸಲು ನೋಡಿದರು. ಆಗಲಿಲ್ಲ. ಹಿಂಭಾಗಕ್ಕೇ ಬಡಿಯಿತು. ಮೇಲೆ ನಿಂತಿದ್ದವರು ನೀರಿಗೆ ಬಿದ್ದರು, ಒಳಗಿದ್ದವರು ಹಡಗಿನ ಜೊತೆ 180 ಅಡಿ ಕೆಳಗೆ ಹೋದರು.

ಕೆಳಗೆ ಬದುಕಿದ್ದವರು ಮುಂದಿನ ಟಾರ್ಪಿಡೊ ಕೋಣೆಗೆ ತೆವಳಿ ಬಂದು ಸೇರಿದರು. ಹೊಗೆ, ಬಿಸಿ, ಮೇಲಿನಿಂದ ಜಪಾನಿನವರು ಹಾಕುವ, ನೀರೊಳಗೆ ಸಿಡಿಯುವ ಸಿಡಿಗುಂಡು. ಉಸಿರಾಡಲು ಮೊಮ್ಸೆನ್ ಲಂಗ್ ಅನ್ನುವ ರಬ್ಬರ್ ಚೀಲವನ್ನು ಕಟ್ಟಿಕೊಂಡು 13 ಮಂದಿ ಹೊರಬಿದ್ದರು. ಬದುಕಿ ಸಿಕ್ಕಿದವರು ಅವರಲ್ಲಿ ಐದೇ ಮಂದಿ. ಒಟ್ಟು 87 ಜನರಲ್ಲಿ 78 ಜನ ಸತ್ತರು. ಉಳಿದ ಒಂಬತ್ತು ಜನರನ್ನು ಎತ್ತಿಕೊಂಡ ಜಪಾನಿ ಹಡಗಿನಲ್ಲಿ, ಅದೇ ರಾತ್ರಿ ಟ್ಯಾಂಗ್ ಮುಳುಗಿಸಿದ ಹಡಗುಗಳಿಂದ ಪಾರಾಗಿ ಬಂದ, ಮೈಯೆಲ್ಲ ಸುಟ್ಟುಕೊಂಡ ಜನ ಇದ್ದರು. ಹೊಡೆದರು, ಒದ್ದರು. ಹೊಡೆಯುತ್ತಿರುವವರು ಯಾರು ಅಂತ ತಿಳಿದ ಮೇಲೆ ಅಷ್ಟು ಸಿಟ್ಟಿಲ್ಲದೆ ಪೆಟ್ಟು ತಿಂದೆವು ಅನ್ನುವ ಅರ್ಥದಲ್ಲಿ ಓಕೇನ್ ಆಮೇಲೆ ಬರೆದರು. ನನಗೆ ಇಡೀ ಟ್ಯಾಂಗ್ ಕಥೆಯಲ್ಲಿ ತಟ್ಟುವುದು ಇದೇ ಮಾತು. ನಿಮ್ಮ ಲೇಖನದಲ್ಲಿ ಇದು ಇಲ್ಲ, ಆದರೆ ಬಾಟಲಿ ಒಡೆದ ಹೆಂಗಸಿನ ಹೆಸರಿದೆ.

ಅಂಕಿಗಳ ಬಗ್ಗೆಯೂ ಒಂದು ಮಾತು. ಟ್ಯಾಂಗ್ 33 ಹಡಗು ಮುಳುಗಿಸಿತು ಅಂತ ಖಡಾಖಂಡಿತ ಬರೆದಿದ್ದೀರಿ. ಯುದ್ಧ ಮುಗಿದ ಮೇಲೆ ಜಪಾನಿನ ದಾಖಲೆ ನೋಡಿ ಹಾಕಿದ ಲೆಕ್ಕದಲ್ಲಿ ಅದು 24. ಎಷ್ಟೋ ವರ್ಷದ ನಂತರದ ಮರುಲೆಕ್ಕದಲ್ಲಿ 33. ಕತ್ತಲಲ್ಲಿ ಪೆರಿಸ್ಕೋಪಿನಿಂದ ನೋಡಿದವನಿಗೆ ಹಡಗು ಮುಳುಗಿತೋ, ಬರೀ ಹೊತ್ತಿಕೊಂಡಿತೋ ಗೊತ್ತಾಗುವುದು ಕಷ್ಟ. ಎರಡೂ ಅಂಕಿ ಕೊಡಿ.

ಈಗ ಒಂಬತ್ತನೇ ಪುಟ. ಡಯಾಬ್ಲೊ ಜಲಾಂತರ್ಗಾಮಿ, ನಂಬರ್ 479. ಪೋರ್ಟ್ಸ್‌ಮತ್ ಕಟ್ಟೆಯಲ್ಲಿ ತಯಾರಾಗಿ 1945ರ ಮಾರ್ಚ್ 31ಕ್ಕೆ ಸೇವೆಗೆ ಸೇರಿತು. ಆಗಸ್ಟ್‌ನಲ್ಲಿ ಪರ್ಲ್ ಹಾರ್ಬರ್‌ನಿಂದ ಮೊದಲ ಯುದ್ಧಗಸ್ತಿಗೆ ಹೊರಟಿತು, ದಾರಿಯಲ್ಲಿರುವಾಗಲೇ ಯುದ್ಧ ನಿಂತುಹೋಯಿತು. ಇಷ್ಟು ಬರೆದು ಕೊನೆಗೆ 'ಅವಳನ್ನು 1964ರ ಜೂನ್ 1ರಂದು ಪಾಕಿಸ್ತಾನಕ್ಕೆ ಹಸ್ತಾಂತರಿಸಲಾಯಿತು' ಅಂದು ಪೂರ್ಣವಿರಾಮ ಹಾಕಿ ಮುಂದಿನ ಹಡಗಿಗೆ ಹೋಗಿಬಿಟ್ಟಿದ್ದೀರಿ.

ಸ್ವಾಮಿ, ಅದು ಘಾಜಿ! ನಮ್ಮ ಓದುಗರಲ್ಲಿ ಆ ಹೆಸರು ಗೊತ್ತಿಲ್ಲದವರು ಯಾರು? ಅಮೆರಿಕದವರ ಕಾಗದ ಅಲ್ಲಿಗೆ ನಿಂತಿತು ಅಂತ ನೀವೂ ನಿಂತಿರಿ. ಇದೇ ತಪ್ಪನ್ನು ಫೀನಿಕ್ಸ್‌ ವಿಷಯದಲ್ಲೂ ಮಾಡಿದ್ದೀರಿ. ಪರ್ಲ್ ಹಾರ್ಬರ್ ದಾಳಿಯಲ್ಲಿ ಪಾರಾದ ಆ ಹಡಗನ್ನು 1951ರಲ್ಲಿ ಅರ್ಜೆಂಟೀನಾಕ್ಕೆ ಮಾರಿದರು ಅಂತ ಬಿಟ್ಟಿದ್ದೀರಿ. ಅದೇ ಜನರಲ್ ಬೆಲ್‌ಗ್ರಾನೊ. ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ, 1982ರ ಮೇ 2ರಂದು ಬ್ರಿಟನ್ನಿನ ಜಲಾಂತರ್ಗಾಮಿ ಅದನ್ನು ಮುಳುಗಿಸಿದಾಗ 323 ಜನ ಸತ್ತರು. 2007ರಲ್ಲಿ ಸೇವೆ ಮುಗಿಸಿದ ಟ್ರೆಂಟನ್ ನಮ್ಮ ನೌಕಾಪಡೆಯ ಜಲಾಶ್ವ ಆಯಿತು, ಕೊರೊನಾ ಸಮಯದಲ್ಲಿ ಮಾಲ್ಡೀವ್ಸ್‌ನಿಂದ ನಮ್ಮವರನ್ನು ಕೊಚ್ಚಿಗೆ ಕರೆತಂದದ್ದು ಅದೇ.

ಆದ್ದರಿಂದ ಉಳಿದ ಹತ್ತನ್ನೂ ಬಿಡಿ, ಡಯಾಬ್ಲೊ ಒಂದನ್ನೇ ಬರೆಯಿರಿ. ಜಪಾನಿನ ವಿರುದ್ಧ ಕಟ್ಟಿದ್ದು, ಆ ಯುದ್ಧದಲ್ಲಿ ಒಂದು ಗುಂಡೂ ಹಾರಿಸದೆ ಉಳಿದದ್ದು. 1965ರ ಯುದ್ಧದ ಹೊತ್ತಿಗೆ ಪಾಕಿಸ್ತಾನದ ಹತ್ತಿರ ಇದಿತ್ತು, ನಮ್ಮ ಹತ್ತಿರ ಜಲಾಂತರ್ಗಾಮಿಯೇ ಇರಲಿಲ್ಲ, ನಮ್ಮ ಮೊದಲನೆಯದಾದ ಕಲ್ವರಿ ಸೇವೆಗೆ ಸೇರಿದ್ದು 1967ರಲ್ಲಿ. 1971ರ ನವೆಂಬರ್‌ನಲ್ಲಿ ಘಾಜಿ ಕರಾಚಿ ಬಿಟ್ಟು, ಶ್ರೀಲಂಕಾ ಸುತ್ತಿ, ನಮ್ಮ ವಿಮಾನವಾಹಕ ವಿಕ್ರಾಂತ್ ಹುಡುಕುತ್ತಾ ವಿಶಾಖಪಟ್ಟಣದ ಬಾಗಿಲಿಗೆ ಬಂತು. ವಿಕ್ರಾಂತ್ ಅಲ್ಲಿರಲೇ ಇಲ್ಲ, ದೂರ ಅಂಡಮಾನ್ ಕಡೆ ಇತ್ತು. ನಮ್ಮ ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥ ವೈಸ್ ಅಡ್ಮಿರಲ್ ಕೃಷ್ಣನ್ ಅವರು ಹಳೇ ರಜಪೂತ್ ಹಡಗಿನಿಂದ ವಿಕ್ರಾಂತ್‌ನದೇ ಅನ್ನುವಂಥ ರೇಡಿಯೊ ಸಂದೇಶಗಳನ್ನು ಕಳಿಸಿ ಏಮಾರಿಸಿದ್ದರು. ಡಿಸೆಂಬರ್ 3ರ ನಡುರಾತ್ರಿಯ ಆಸುಪಾಸು ಘಾಜಿ ಮುಳುಗಿತು. ರಜಪೂತ್ ಹಾಕಿದ ಸಿಡಿಗುಂಡಿನಿಂದ ಅಂತ ನಮ್ಮವರು, ತಾನೇ ಹಾಕುತ್ತಿದ್ದ ನೆಲಬಾಂಬಿನಂಥ ಸಮುದ್ರ ಮೈನ್ ಸಿಡಿದು ಅಂತ ಅವರು. ನೀವು ತೀರ್ಪು ಕೊಡಲು ಹೋಗಬೇಡಿ, ಎರಡೂ ಹೇಳಿ. ಜೈಕಾರವೂ ಬೇಡ. ಒಳಗೆ 90ಕ್ಕೂ ಹೆಚ್ಚು ಜನ ಇದ್ದರು, ಒಬ್ಬನೂ ಬರಲಿಲ್ಲ. ಟ್ಯಾಂಗ್ ಒಳಗೆ ಏನಾಯಿತು ಅಂತ ಹೇಳಲು ಒಂಬತ್ತು ಜನ ಉಳಿದಿದ್ದರು, ಘಾಜಿಗೆ ಅಷ್ಟೂ ಇಲ್ಲ. ಹಾಗಾಗಿ ಒಳಗಿನವರ ಮಾತುಕತೆ ಕಟ್ಟಿ ಬರೆಯಬೇಡಿ.

ಜಲಾಂತರ್ಗಾಮಿ ಒಳಗೆ ಯಾವತ್ತೂ ಕಾಲಿಟ್ಟಿಲ್ಲ ಅಂತ ಪತ್ರದಲ್ಲಿ ಬರೆದಿದ್ದೀರಿ. ವಿಶಾಖಪಟ್ಟಣದ ಬೀಚಿನಲ್ಲಿ ಕುರ್ಸುರಾ ನಿಂತಿದೆ. ರಷ್ಯಾದ್ದು, ಡಯಾಬ್ಲೊ ತಳಿಯದ್ದಲ್ಲ, ಆದರೆ ಅದೂ ಡೀಸೆಲ್‌ನದೇ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ, ದುಂಡು ಬಾಗಿಲುಗಳಲ್ಲಿ ಬಗ್ಗಿ ನುಸುಳಿ ನೋಡಿ, ಮಲಗುವ ಜಾಗ ಎಷ್ಟು ಅಂತ ಕೈಯಲ್ಲಿ ಅಳೆಯಿರಿ. ಬಂದ ಮೇಲೆ ಮೊದಲ ಪ್ಯಾರಾ ಒಂದನ್ನೇ ಬರೆದು ಕಳಿಸಿ, ಪೂರ್ತಿ ಲೇಖನ ಈಗಲೇ ಬೇಡ. ಅದರಲ್ಲಿ ಎಲ್ಲಾದರೂ 'ಅವಳು' ಕಂಡರೆ ಮುಂದೆ ಓದುವುದಿಲ್ಲ, ಈಗಲೇ ಹೇಳಿರುತ್ತೇನೆ.