ಪದವಿ ಮುಗಿಸುವ ಮಗನಿಗೆ ಎಷ್ಟರ ಉಡುಗೊರೆ ಕೊಡಿಸಬೇಕು?

ಪ್ರಶ್ನೆ ಓದುತ್ತಿದ್ದಂತೆ ನಮ್ಮಪ್ಪನೇ ಕೇಳುತ್ತಿದ್ದಾರೆ ಅನ್ನಿಸಿತು ಸರ್. ಮಗ ಎಂಜಿನಿಯರಿಂಗ್ ಮುಗಿಸುತ್ತಿದ್ದಾನೆ, ಒಂದೂವರೆ ಲಕ್ಷದ ಬೈಕು ಬೇಕಂತೆ, ಜೊತೆ ಹುಡುಗರಿಗೆಲ್ಲ ಕೊಡಿಸಿದ್ದಾರೆ, ಮನೆಯವರ ಒಡವೆ ಅಡವಿಟ್ಟಾದರೂ ಕೊಡಿಸೋಣ ಅಂತಿದ್ದೀರಿ. ಎಷ್ಟರವರೆಗೆ ಹೋಗಬಹುದು ಅನ್ನೋದು ಆಮೇಲೆ. ಮೊದಲು ನಮ್ಮ ಮನೆಯಲ್ಲಿ ಆದದ್ದನ್ನು ಕೇಳಿ.

ನಮ್ಮದು ಮುಳಬಾಗಿಲು ಕಡೆ ಹಳ್ಳಿ. ಎರಡು ಸೀಮೆಹಸು, ಬೋರಿನಲ್ಲಿ ನೀರಿದ್ದಷ್ಟು ಟೊಮೊಟೊ. 2018ರಲ್ಲಿ ನಾನು ಕೋಲಾರದಲ್ಲಿ ಬಿ.ಎಸ್ಸಿ. ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲ ಹುಡುಗಿ ನಾನೇ. ನಾನಾಗಿ ಏನೂ ಕೇಳಿರಲಿಲ್ಲ. ಆದರೆ ದೊಡ್ಡಪ್ಪನ ಮಗನಿಗೆ ಡಿಪ್ಲೊಮಾ ಆದಾಗಲೇ ಬೈಕು ಬಂದಿತ್ತು, "ನನ್ನ ಮಗಳೇನು ಕಡಿಮೆಯಾ" ಅಂತ ನನಗೊಂದು ಸ್ಕೂಟರು ಕೊಡಿಸುವ ಹಠ ಅಪ್ಪನಿಗೆ. ಅಮ್ಮನ ಎರಡೆಳೆ ಸರ, ಬಳೆ, ಎಲ್ಲ ಸೇರಿ ನಲವತ್ತು ಗ್ರಾಂ. ಪೇಟೆಯಲ್ಲಿ ಚಿನ್ನದ ಮೇಲೆ ಸಾಲ ಕೊಡುವವರ ಹತ್ತಿರ ಇಟ್ಟರು. ಒಡವೆ ಬೆಲೆಯ ನೂರಕ್ಕೆ 75ರವರೆಗೆ ಕೊಡಬಹುದು ಅನ್ನೋದು ಆಗಿನ ರಿಸರ್ವ್ ಬ್ಯಾಂಕ್ ನಿಯಮ. ಹೆಚ್ಚೂಕಡಿಮೆ ಅಷ್ಟೂ ಸಿಗುತ್ತೆ ಅಂದರು, ಅಪ್ಪ ಅಷ್ಟೂ ತೆಗೆದುಕೊಂಡರು: 80,000 ರೂಪಾಯಿ. ಸ್ಕೂಟರಿಗೆ ಅಷ್ಟು ಬೇಕಿರಲಿಲ್ಲ. ಉಳಿದದ್ದು ನನಗೊಂದು ಫೋನು, ನೆಂಟರಿಗೆ ಊಟ. ಕೋಲಾರಮ್ಮನ ಗುಡಿ ಮುಂದೆ ಗಾಡಿ ನಿಲ್ಲಿಸಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಪೂಜೆ ಮಾಡಿಸಿದ ದಿನ ನನಗೂ ತುಂಬಾ ಖುಷಿಯಾಗಿತ್ತು.

ಮುಂದಿನದ್ದನ್ನು ನಿಧಾನವಾಗಿ ಓದಿ, ನಮಗೆ ಪೆಟ್ಟು ಬಿದ್ದದ್ದು ಇಲ್ಲೇ. ಅಪ್ಪನಿಗೆ ಬಡ್ಡಿ ಲೆಕ್ಕ ಚೆನ್ನಾಗಿಯೇ ಗೊತ್ತು. ನೂರಕ್ಕೆ ಒಂದು ರೂಪಾಯಿ ಬಡ್ಡಿ, ಅಂದರೆ ತಿಂಗಳಿಗೆ 800, ಡೈರಿ ಬಟವಾಡೆಯಲ್ಲಿ ಕಟ್ಟಿಬಿಡಬಹುದು. ಅಸಲು ವರ್ಷದ ಕೊನೆಗೆ ಟೊಮೊಟೊ ಕಿತ್ತಾಗ. ಇದು ಅವರ ಲೆಕ್ಕ. ಅವರಿಗೆ ಗೊತ್ತಿಲ್ಲದ್ದು ಅಡವಿನ ಚೀಟಿಯಲ್ಲಿದ್ದ ಒಂದು ಸಾಲು. ಪ್ರತಿ ತಿಂಗಳ ಬಡ್ಡಿಯನ್ನು ಗಡುವಿನೊಳಗೆ ಕಟ್ಟಿದರೆ ಮಾತ್ರ ಒಂದು ರೂಪಾಯಿ. ತಪ್ಪಿಸಿದರೆ ಎರಡು ರೂಪಾಯಿ. ಅಂದರೆ ಒಂದು ರೂಪಾಯಿ ಅನ್ನೋದು ರಿಯಾಯಿತಿ ದರ, ನಿಜವಾದ ದರ ಎರಡು. ಬ್ಯಾಂಕಿನ ವಾಹನ ಸಾಲದ ಕಂತಾದರೆ ಪ್ರತಿ ತಿಂಗಳೂ ಅಸಲು ಸ್ವಲ್ಪ ಸ್ವಲ್ಪ ಕರಗುತ್ತೆ. ಇಲ್ಲಿ ನೀವು ಎಷ್ಟು ನಿಯತ್ತಾಗಿ ಬಡ್ಡಿ ಕಟ್ಟಿದರೂ ವರ್ಷದ ಕೊನೆಗೆ 80,000 ಹಾಗೇ ಕೂತಿರುತ್ತೆ. ಮನಸ್ಸಿದ್ದರೆ ಅಸಲಿಗೂ ಆಗಾಗ ಐನೂರು ಸಾವಿರ ಕಟ್ಟಬಹುದಿತ್ತು, ತೆಗೆದುಕೊಳ್ಳುತ್ತಿದ್ದರು. ಅದನ್ನೂ ಯಾರೂ ಕೇಳಲಿಲ್ಲ.

ಒಂದು ಹಸು ಹಾಲು ಬತ್ತಿಸಿಕೊಂಡಿತು. ಇನ್ನೊಂದಕ್ಕೆ ಕೆಚ್ಚಲು ಬಾವು ಬಂತು. ಬಟವಾಡೆ ಮೇವು ಔಷಧಿಗೇ ಸಾಲದಾಯಿತು, ಬಡ್ಡಿ ಕಟ್ಟೋದು ನಿಂತಿತು. ಅಪ್ಪ ನನಗೆ ಹೇಳಲಿಲ್ಲ. ಸಾಲಕ್ಕೆ ನನ್ನ ಫೋನ್ ನಂಬರ್ ಕೊಟ್ಟಿದ್ದರಿಂದ ಬಾಕಿಯ ಮೆಸೇಜು ನನಗೇ ಬಂತು, ಆಗಲೇ ನಾನು ಆ ಚೀಟಿಯನ್ನು ಮೊದಲ ಸಲ ಬಿಡಿಸಿ ಓದಿದ್ದು. ಗಣಿತ ಓದಿದ ಮಗಳು ಮನೆಯಲ್ಲೇ ಇದ್ದಳು, ಓದಲು ಎರಡು ನಿಮಿಷ ಸಾಕಿತ್ತು. ಆದರೆ ಉಡುಗೊರೆ ಅಂದಮೇಲೆ ಕೊಟ್ಟವರು ಅದರ ಸಾಲ ತೋರಿಸಲ್ಲ, ಇಸ್ಕೊಂಡವರು ಕೇಳೋಕೆ ಸಂಕೋಚಪಡುತ್ತಾರೆ. ನಮ್ಮ ಮನೆಯಲ್ಲಿ ಆದದ್ದು ಅದೇ, ನಿಮ್ಮ ಮನೆಯಲ್ಲೂ ಆಗೋದು ಅದೇ ಅಂತ ನನ್ನ ಭಯ.

ಅದೇ ಹೊತ್ತಿಗೆ ಬಿ.ಇಡಿ. ಸೀಟು ಸಿಕ್ಕಿತ್ತು. ಬಿಟ್ಟುಬಿಟ್ಟೆ. ನರಸಾಪುರದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದೆ, ಬಡ್ಡಿ ಕಟ್ಟಲೇಬೇಕಿತ್ತಲ್ಲ. ಕಂಪನಿ ಬಸ್ಸು ಹೆದ್ದಾರಿವರೆಗೂ ಬರುತ್ತಿತ್ತು. ಸ್ಕೂಟರು ಮನೆಯಿಂದ ಆ ಬಸ್ಸಿನವರೆಗೆ ಓಡುತ್ತಿತ್ತು, ಅಷ್ಟೇ. ವರ್ಷ ತುಂಬಿದಾಗ ಟೊಮೊಟೊ ರೇಟು ಬಿದ್ದು, 15 ಕೆ.ಜಿ. ಬಾಕ್ಸಿಗೆ ಕೂಲಿ ಬಾಡಿಗೆಯೂ ಹುಟ್ಟಲಿಲ್ಲ. ಸಾಲ ರಿನೀವಲ್ ಮಾಡಿಸಿದೆವು. ಚಿಕ್ಕಮ್ಮನ ಮಗಳ ಮದುವೆಗೆ ಅಮ್ಮ ಕರಿಮಣಿಯೊಂದರಲ್ಲೇ ಹೋಗಿ ಬಂದರು. ನನ್ನ ಸಂಬಳದಲ್ಲಿ ಅಸಲಿಗೆ ಸ್ವಲ್ಪ ಸ್ವಲ್ಪ ಕಟ್ಟಿ 2020ರಲ್ಲಿ ಒಡವೆ ಬಿಡಿಸಿಕೊಂಡೆವು.

ದುಡ್ಡಿನ ನಷ್ಟ ಅಲ್ಲಿಗೆ ಮುಗಿಯಿತು. ನನ್ನದು ಮುಗಿಯಲಿಲ್ಲ. 2022ರಲ್ಲಿ ಸರ್ಕಾರ ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರ ಹುದ್ದೆ ಕರೆಯಿತು. ಡಿಗ್ರಿ, ಬಿ.ಇಡಿ.ಯಂಥ ಶಿಕ್ಷಕರ ತರಬೇತಿ, ಟಿಇಟಿ ಅನ್ನೋ ಶಿಕ್ಷಕರ ಅರ್ಹತಾ ಪರೀಕ್ಷೆ, ಮೂರೂ ಬೇಕಿತ್ತು. ನನ್ನ ಜೊತೆ ಓದಿ, ನಾನು ಸೀಟು ಬಿಟ್ಟ ವರ್ಷ ಬಿ.ಇಡಿ. ಸೇರಿದ್ದವರು ಅರ್ಜಿ ಹಾಕಿದರು. ನನಗೆ ಅರ್ಜಿ ಹಾಕುವ ಅರ್ಹತೆಯೇ ಇರಲಿಲ್ಲ. ಆಮೇಲೆ ಬಿ.ಇಡಿ. ಮಾಡಿದೆ, ಈಗ ಒಂದು ಖಾಸಗಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತೇನೆ, ಸರ್ಕಾರಿ ಹುದ್ದೆಗೆ ಕಾಯುತ್ತಿದ್ದೇನೆ. ಅಪ್ಪನ ಮೇಲೆ ನನಗೆ ಎಳ್ಳಷ್ಟೂ ಕೋಪವಿಲ್ಲ. ಆದರೆ ಡಿಗ್ರಿ ಆದಮೇಲೆ ಏನು ಮಾಡಬೇಕು ಅಂತ ತೀರ್ಮಾನ ಮಾಡಿದ್ದು ನಾನಲ್ಲ, ಆ ಸಾಲ.

ಅದಕ್ಕೇ ಸರ್, ಎಷ್ಟು ಅಂತ ಕೇಳೋದನ್ನೇ ನಾನು ಒಪ್ಪಲ್ಲ. ಒಡವೆ ಇಡಬೇಕು ಅಂದರೆ ಒಂದು ರೂಪಾಯಿಯದ್ದೂ ಬೇಡ. ಕೈಯಲ್ಲಿ ದುಡ್ಡಿದೆಯೇ? ಹಾಗಿದ್ದರೆ ಪಾಸಾದಮೇಲೆ ಆರು ತಿಂಗಳು ಅವನಿಗೆ ಏನೇನು ಬೇಕು ಅಂತ ಮೊದಲು ಬರೆದಿಡಿ. ಕೆಲಸ ಸಿಕ್ಕಿದೆ ಅಂದರೂ ಸೇರುವ ದಿನ ಮುಂದೆ ಹೋಗುತ್ತಲೇ ಇರುತ್ತೆ. ಬೆಂಗಳೂರಲ್ಲಿ ಪಿ.ಜಿ.ಗೆ ಅಡ್ವಾನ್ಸು, ಊಟ ಸೇರಿ ತಿಂಗಳಿಗೆ ಎಂಟು ಹತ್ತು ಸಾವಿರ, ಇಂಟರ್‌ವ್ಯೂಗೆ ಓಡಾಟ, ನಾಲ್ಕು ಜೊತೆ ಒಳ್ಳೆ ಬಟ್ಟೆ. ಮೊದಲ ಸಂಬಳ ಬರೋದು ತಿಂಗಳು ತುಂಬಿದಮೇಲೆ. ಯುವನಿಧಿ ಇದೆಯಲ್ಲ ಅನ್ನಬೇಡಿ. ಪದವೀಧರರಿಗೆ ತಿಂಗಳಿಗೆ 3,000 ಕೊಡೋದು ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದಿದ್ದರೆ, ಮುಂದೆ ಓದುತ್ತಿದ್ದರೆ ಅದೂ ಇಲ್ಲ. ಆ ಮೊದಲ ಆರು ತಿಂಗಳನ್ನು ದಾಟಿಸಬೇಕಾದವರು ನೀವೇ. ಅಷ್ಟು ದುಡ್ಡನ್ನು ಅವನ ಖಾತೆಗೆ ಹಾಕಿ, "ಸಿಕ್ಕ ಮೊದಲ ಕೆಲಸಕ್ಕೇ ಬೀಳಬೇಡ, ನೋಡಿಕೊಂಡು ಸೇರು" ಅಂತ ಹೇಳಿ. ನನ್ನ ಕಣ್ಣಲ್ಲಿ ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ಕೆಲಸಕ್ಕೆ ಲ್ಯಾಪ್‌ಟಾಪ್ ಬೇಕೇಬೇಕು ಅಂದರೆ ಅದನ್ನೂ ಇದರಲ್ಲೇ ಸೇರಿಸಿ.

ಬೈಕು ಅವನ ಸಂಬಳದಲ್ಲಿ ಅವನೇ ತೆಗೆದುಕೊಳ್ಳಲಿ, ಮುಂಗಡಕ್ಕೆ ನೀವೂ ಸ್ವಲ್ಪ ಕೊಡಿ. ಅಂದಹಾಗೆ, ಅವನು ಹೇಳಿದ ಒಂದೂವರೆ ಲಕ್ಷ ಯಾವ ಬೆಲೆ ಅಂತ ವಿಚಾರಿಸಿ. ಷೋರೂಂ ಬೆಲೆಯ ಮೇಲೆ ಜೀವಿತಾವಧಿ ತೆರಿಗೆ, ನೋಂದಣಿ, ವಿಮೆ ಬೀಳುತ್ತೆ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕು.

ಮಗನಿಗೆ ಬೇಜಾರಾಗುತ್ತೆ ಅಂತಲೂ ಬರೆದಿದ್ದೀರಿ. ಆಗಲಿ. ಒಂದು ಸಂಜೆ ಕೂರಿಸಿಕೊಂಡು ಮನೆಗೆ ಎಷ್ಟು ಬರುತ್ತೆ, ಅವನ ಫೀಜಿಗೆ ಎಷ್ಟು ಹೋಯಿತು, ಸಾಲ ಎಷ್ಟಿದೆ, ಎಲ್ಲ ತೋರಿಸಿ. ಎಂಜಿನಿಯರಿಂಗ್ ಮುಗಿಸಿದ ಹುಡುಗನಿಗೆ ಅದು ಅರ್ಥವಾಗದೆ ಇರಲ್ಲ. ನಮ್ಮಪ್ಪ ನನಗೆ ತೋರಿಸಿದ್ದರೆ ಸ್ಕೂಟರು ಬೇಡ ಅಂತ ನಾನೇ ಹೇಳುತ್ತಿದ್ದೆ.

ಈಗಾಗಲೇ ಒಡವೆ ಇಟ್ಟುಬಿಟ್ಟಿದ್ದರೆ ಇವತ್ತೇ ಚೀಟಿ ತೆಗೆದು, ಬಡ್ಡಿ ತಪ್ಪಿದರೆ ದರ ಎಷ್ಟು ಅನ್ನೋ ಸಾಲು ಹುಡುಕಿ. ಪ್ರತಿ ತಿಂಗಳೂ ಬಡ್ಡಿಯ ಜೊತೆ ಅಸಲಿಗೂ ಎಷ್ಟಾದರೆ ಅಷ್ಟು ಕಟ್ಟಿ, ರಸೀದಿಯಲ್ಲಿ ಅಸಲು ಇಳಿದಿದೆಯಾ ನೋಡಿ. ಕಟ್ಟಲಾಗದೆ ಹರಾಜಿನವರೆಗೆ ಹೋದರೆ ಮೊದಲು ನೋಟಿಸ್ ಕೊಡಲೇಬೇಕು, ಬಾಕಿ ಕಳೆದು ಉಳಿದ ದುಡ್ಡನ್ನು ನಿಮಗೇ ವಾಪಸ್ ಕೊಡಬೇಕು. ವಿಳಾಸ ಬದಲಾಗಿದ್ದರೆ ಅವರಿಗೆ ಬರೆದುಕೊಡಿ, ನಿಮ್ಮ ನಂಬರಿನ ಜೊತೆ ಮಗನ ನಂಬರನ್ನೂ ಕೊಡಿ.