ಇಂಜಿನ್ ಬಣ್ಣ ಚಕ್ಕೆ ಏಳುವುದು ಜಿಡ್ಡಿನಿಂದ

ಬೈಕ್ ಇಂಜಿನ್‌ಗೆ ಮನೆಯಲ್ಲೇ ಕಡಿಮೆ ಖರ್ಚಿನಲ್ಲಿ ಬಣ್ಣ ಹೊಡೆಯುವ ಬಗ್ಗೆ ನನಗೆ ಬರೆಯುವವರಲ್ಲಿ ಹೆಚ್ಚಿನವರು ಕೇಳುವುದು ಒಂದೇ: ಯಾವ ಕಂಪನಿಯ ಬಣ್ಣ ತರಲಿ? ಉತ್ತರ ಹೇಳಿ ಹೇಳಿ ಸಾಕಾಗಿದೆ. ಟೇಪ್ ಅಂಟಿಸುವುದು, ಡಬ್ಬಿ ಚೆನ್ನಾಗಿ ಕುಲುಕುವುದು ನಿಮಗೆ ಗೊತ್ತು ಎಂದುಕೊಂಡೇ ಮುಂದಕ್ಕೆ ಹೋಗುತ್ತೇನೆ.

ಪ್ರಶ್ನೆ: 650 ಡಿಗ್ರಿ ತಡೆಯುತ್ತದೆ ಎಂದು ಬರೆದಿದ್ದ ಕಪ್ಪು ಸ್ಪ್ರೇ ಹೊಡೆದೆ. ಮೂರೇ ತಿಂಗಳಿಗೆ ಸಿಲಿಂಡರ್ ಬುಡದಲ್ಲಿ ಚಕ್ಕೆ ಏಳುತ್ತಿದೆ. ಪೆಟ್ರೋಲ್ ಚೆಲ್ಲಿದಲ್ಲಿ ಬಣ್ಣ ಕರಗಿಯೇ ಹೋಗಿದೆ. ಇನ್ನೂ ದುಬಾರಿ ಬಣ್ಣ ತರಬೇಕೆ?

ಬೇಡ. ಇಲ್ಲಿ ಆಗಿರುವುದು ಎರಡು ಬೇರೆ ಬೇರೆ ತಪ್ಪು.

ಮೊದಲು ಪೆಟ್ರೋಲ್ ವಿಷಯ. 650 ಡಿಗ್ರಿಯ ಬಣ್ಣ ಇರುವುದು ಸೈಲೆನ್ಸರ್‌ಗೆ, ಬೆಂಡ್ ಪೈಪಿಗೆ. ಅದರಲ್ಲಿರುವ ಸಿಲಿಕೋನ್ ರಾಳ ಜೋರು ಬಿಸಿಯಲ್ಲಿ ಬೆಂದ ಮೇಲೆಯೇ ಪೂರ್ತಿ ಗಟ್ಟಿಯಾಗುವುದು. ನಿಮ್ಮ ಇಂಜಿನ್ನಿನ ಹೊರಮೈ ಅಷ್ಟು ಬಿಸಿಯಾಗುವುದೇ ಇಲ್ಲ. ಕೆಳಗಿನ ಕವಚ, ಅಂದರೆ ಕ್ರ್ಯಾಂಕ್‌ಕೇಸ್ ಅಂತೂ ಸಿಲಿಂಡರ್ ಮೇಲಿನ ಹೆಡ್‌ಗಿಂತ ಎಷ್ಟೋ ತಣ್ಣಗಿರುತ್ತದೆ. ಹಾಗಾಗಿ ಬಣ್ಣ ನೋಡಲು ಒಣಗಿದಂತಿದ್ದರೂ ಒಳಗೆ ಹಸಿಯಾಗಿಯೇ ಉಳಿದು, ಪೆಟ್ರೋಲ್ ತಾಗಿದೊಡನೆ ಬಿಟ್ಟುಕೊಳ್ಳುತ್ತದೆ. ಇಂಜಿನ್‌ಗೆಂದೇ ಬರುವ, ಸುಮಾರು 260 ಡಿಗ್ರಿ ತಡೆಯುವ ಎನಾಮಲ್ ಸಾಕು. ಡಬ್ಬಿಯ ಮೇಲಿನ ಸಂಖ್ಯೆ ದೊಡ್ಡದಾದಷ್ಟೂ ಒಳ್ಳೆಯದು ಎಂದು ಹೇಳಿಕೊಟ್ಟವರ ಮಾತನ್ನು ದಯವಿಟ್ಟು ಮರೆತುಬಿಡಿ.

ಇನ್ನು ಚಕ್ಕೆ. ಅದು ಜಿಡ್ಡಿನದೇ ಕೆಲಸ. ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಹೊಳೆಯಿತೆಂದು ಬಣ್ಣ ಹೊಡೆದಿರುತ್ತೀರಿ. ಆ ಹೊಳಪೇ ಎಣ್ಣೆಯ ಪದರ. ಸೀಮೆಎಣ್ಣೆ, ಡೀಸೆಲ್ ಇರುವುದು ಹಳೆಯ ಕೊಳೆಯನ್ನು ಸಡಿಲಿಸಲು ಮಾತ್ರ. ಆಮೇಲೆ ಸೋಪುನೀರು ಹಾಕಿ, ಫಿನ್‌ಗಳ (ಗಾಳಿಗೆ ತಣಿಯಲೆಂದು ಇಂಜಿನ್ ಸುತ್ತ ಇರುವ ತೆಳು ರೆಕ್ಕೆಗಳ) ಸಂದಿಗೆ ಹಳೆಯ ಟೂತ್‌ಬ್ರಷ್ ತೂರಿಸಿ ಉಜ್ಜಲೇಬೇಕು. ಉಜ್ಜಿದ ಮೇಲೆ ಒಂದು ಲೋಟ ನೀರು ಸುರಿದು ನೋಡಿ. ನೀರು ಒಂದೇ ಹಾಳೆಯಾಗಿ ಹರಡಿ ಇಳಿದರೆ ಲೋಹ ಶುದ್ಧವಾಗಿದೆ. ಕೆಸುವಿನೆಲೆಯ ಮೇಲಿನಂತೆ ಹನಿ ಹನಿಯಾಗಿ ನಿಂತರೆ ಎಣ್ಣೆ ಇನ್ನೂ ಇದೆ, ಮತ್ತೆ ತೊಳೆಯಿರಿ. ಈ ಪರೀಕ್ಷೆಗೆ ಕಾಸು ಬೇಕಿಲ್ಲ. ಆದರೂ ಮಾಡುವವರು ಎಷ್ಟು ಕಡಿಮೆ!

ಅಷ್ಟಕ್ಕೇ ನಿಲ್ಲಿಸಬೇಡಿ. ಎರಕದ ಅಲ್ಯೂಮಿನಿಯಂನ ಸಣ್ಣ ರಂಧ್ರಗಳಲ್ಲಿ ವರ್ಷಗಟ್ಟಲೆ ಕುಡಿದ ಎಣ್ಣೆ ಇರುತ್ತದೆ. ಹೀಟ್ ಗನ್‌ನಿಂದ ಬಿಸಿ ಮಾಡಿದರೆ ಅದು ಬೆವರಿನಂತೆ ಮೇಲೆ ಬರುತ್ತದೆ. ಲೋಹ ತಣ್ಣಗಾದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬೆಳ್ಳಗೇ ಉಳಿಯುವವರೆಗೂ ಇದೇ ಕೆಲಸ. ಅಲ್ಲಿಂದಾಚೆಗೆ ಬರಿಗೈಯಲ್ಲಿ ಮುಟ್ಟಬಾರದು. ಕಿತ್ತುಬರುವ ಹಳೆಯ ಬಣ್ಣ ತೆಗೆಯಲು ಹಿತ್ತಾಳೆ ಬ್ರಷ್ ಬಳಸಿ. ಕಾಸ್ಟಿಕ್ ಸೋಡಾದಲ್ಲಿ ಅದ್ದಿ ಎನ್ನುವ ವೈದ್ಯ ನಿಮಗೂ ಸಿಕ್ಕಿರಬಹುದು. ಅದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ, ಬೆಂಕಿ ಹೊತ್ತಿಕೊಳ್ಳುವ ಹೈಡ್ರೋಜನ್ ಬಿಡುತ್ತದೆ. ಇಂಥ ಸಲಹೆ ಕೊಡುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಬರಿ ಲೋಹ ಕಂಡಲ್ಲಿ ತೆಳುವಾಗಿ ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ಕಚ್ಚಿ ಹಿಡಿಯುವ ಮೊದಲ ಪದರ, ಅದರ ಮೇಲೆ ಬಣ್ಣ. ಮೊದಲು ಫಿನ್‌ಗಳ ಸಂದಿಗೆ ಓರೆಯಾಗಿ ಹೊಡೆಯಿರಿ, ಹೊರಮೈ ಕೊನೆಗೆ. ಮೂರು ತೆಳು ಕೋಟ್ ಸಾಕು; ಒಂದೇ ಸಲ ಗಟ್ಟಿಯಾಗಿ ಬಳಿದರೆ ಸೋರುತ್ತದೆ. ಕೋಟ್‌ಗಳ ನಡುವಿನ ಸಮಯವನ್ನು ಡಬ್ಬಿಯ ಮೇಲೆ ಓದಿ. ಎಷ್ಟೋ ಎನಾಮಲ್‌ಗಳಿಗೆ ಒಂದು ಗಂಟೆಯೊಳಗೆ ಮುಗಿಸಬೇಕು, ತಪ್ಪಿದರೆ ವಾರ ಕಾಯಬೇಕು. ನಡುವೆ ಕೈಹಾಕಿದರೆ ಕೆಳಗಿನ ಪದರ ಸುಕ್ಕುಗಟ್ಟುತ್ತದೆ. ಪೂರ್ತಿ ಒಣಗಿದ ಮೇಲೆ ಇಂಜಿನ್ ಸ್ವಲ್ಪ ಹೊತ್ತು ಓಡಿಸಿ, ಪೂರ್ತಿ ತಣಿಸಿ, ಪ್ರತಿ ಸಲವೂ ಹೊತ್ತು ಹೆಚ್ಚಿಸುತ್ತ ಹೋಗಿ. ಮೊದಲ ದಿನವೇ ದೂರದ ಸವಾರಿ ಬೇಡ.

ಪ್ರಶ್ನೆ: ಕಪ್ಪು ಬಳಿದರೆ ಇಂಜಿನ್ ಹೆಚ್ಚು ಬಿಸಿಯಾಗುತ್ತದಂತೆ?

ಇಲ್ಲ. ಮಂಕು ಕಪ್ಪು ಮೈ ಹೊಳೆಯುವ ಅಲ್ಯೂಮಿನಿಯಂಗಿಂತ ಚೆನ್ನಾಗಿ ಶಾಖ ಹೊರಸೂಸುತ್ತದೆ. ಕೆಡುಕು ಶಾಖ ಹಿಡಿದಿಡುವ ದಪ್ಪ ಪದರದಲ್ಲಿದೆ.

ಪ್ರಶ್ನೆ: ಗ್ಯಾಸ್ಕೆಟ್ ಬಳಿ ಸ್ವಲ್ಪ ಆಯಿಲ್ ಜಿನುಗುತ್ತದೆ. ಬಣ್ಣ ಹೊಡೆದರೆ ನಿಲ್ಲುವುದೆ?

ಇಲ್ಲ. ಮೊದಲು ಗ್ಯಾಸ್ಕೆಟ್ ಬದಲಿಸಿ.

ಪ್ರಶ್ನೆ: ಇಂಜಿನ್ ಬಿಚ್ಚದೆ ಸ್ಯಾಂಡ್ ಬ್ಲಾಸ್ಟ್ ಮಾಡಿಸಬಹುದೆ?

ಖಂಡಿತ ಬೇಡ. ಹಾಗೆ ಮಾಡಿಸಿಕೊಂಡು ಬಂದ ಇಂಜಿನ್ ಒಂದನ್ನು ನಾನೇ ಬಿಚ್ಚಿದ್ದೇನೆ. ಆಯಿಲನ್ನು ಬೆರಳಿಗೆ ಹಚ್ಚಿಕೊಂಡು ಉಜ್ಜಿದರೆ ಒಳಸೇರಿದ ಮರಳು ಕರಕರ ಎನ್ನುತ್ತಿತ್ತು, ಬೇರಿಂಗ್‌ಗಳು ಮುಗಿದುಹೋಗಿದ್ದವು.

ಪ್ರಶ್ನೆ: ಹಾರ್ಡ್‌ನರ್ ಬೆರೆಸುವ ಎರಡು ಭಾಗದ ಬಣ್ಣವನ್ನು ಮಾಸ್ಕ್ ಕಟ್ಟಿಕೊಂಡು ಮನೆಯಲ್ಲೇ ಹೊಡೆಯಬಹುದೆ?

ಅದರ ಹಾರ್ಡ್‌ನರ್‌ನಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಜೀವನಪೂರ್ತಿ ಉಳಿಯುವ ಅಸ್ತಮಾ ತರಬಲ್ಲದು. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ. ತಂದಿಟ್ಟಿದ್ದರೆ ಮುಚ್ಚಳ ತೆಗೆಯದೆ ಅಂಗಡಿಗೆ ಹಿಂತಿರುಗಿಸಿ.