ಹಸಿವು ‘ಉಂಡ್’

ಆಕೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವರು. ವಯಸ್ಸು ನಲವತ್ತರ ಹತ್ತಿರ, ಮನೆಯಲ್ಲಿ ಅಡಿಕೆ ತೋಟ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಗುರುತು ಸಿಗಬಾರದೆಂದು ಉಳಿದ ವಿವರ ಬದಲಿಸಿದ್ದೇನೆ. ಎದುರು ಕುಳಿತು ಮೊದಲು ಹೇಳಿದ್ದು ಕಾಯಿಲೆಯ ಮಾತಲ್ಲ. “ಅಕ್ಕಾ, ಮದುವೆಗೆ ಹೊರಟರೆ ಒಂದು ರವಕೆಯೂ ಆಗುದಿಲ್ಲ.”

ಆ ಮದುವೆಯ ಊಟದ ಪಂಕ್ತಿಯಲ್ಲಿ ಸಂಬಂಧದ ಹೆಂಗಸೊಬ್ಬರು “ತೋರ ಆಗಿದ್ದೀಯಲ್ಲಾ, ಎಂತ ಮದ್ದು ಮಾರಾಯ್ತಿ?” ಎಂದು ಕೇಳಿದ್ದರು. ತಮಾಷೆಗೇ ಇರಬೇಕು. ಆದರೆ ಈಕೆ ನಿಜವಾಗಿಯೂ ಮದ್ದು ತಿನ್ನುತ್ತಿದ್ದರು, ಖಿನ್ನತೆಗೆ. ಗಂಡನನ್ನು ಬಿಟ್ಟರೆ ಅದು ಯಾರಿಗೂ ಗೊತ್ತಿರಲಿಲ್ಲ. ಆ ರಾತ್ರಿಯೇ ಗುಳಿಗೆ ನಿಲ್ಲಿಸಿಬಿಟ್ಟರು.

ನನ್ನಲ್ಲಿಗೆ ಬಂದದ್ದು ಹನ್ನೆರಡನೇ ದಿನ. ಮೂರನೇ ದಿನದಿಂದ ನಿದ್ದೆ ಇಲ್ಲ, ಹೊಟ್ಟೆ ತೊಳಸುತ್ತದೆ, ಸುಮ್ಮಸುಮ್ಮನೆ ಎದೆ ಹೊಡೆದುಕೊಳ್ಳುತ್ತದೆ. ರೋಗ ಪುನಃ ಬಂತೋ ಎಂಬ ಹೆದರಿಕೆ ಬೇರೆ. ಸಾಯಬೇಕು ಅನ್ನಿಸಿತ್ತಾ ಎಂದು ನೇರವಾಗಿಯೇ ಕೇಳಿದೆ. ಈ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಬಾರದು. “ಮೊದಲು ಇತ್ತು, ಈಗ ಇಲ್ಲ” ಎಂದರು. ಇದ್ದಿದ್ದರೆ ಅಂದಿನ ಕೆಲಸವೇ ಬೇರೆಯಾಗುತ್ತಿತ್ತು. ರಾತ್ರಿ ಹೊತ್ತಿನಲ್ಲಿ ಬೇಕಾದೀತೆಂದು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416 ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಗುಳಿಗೆಯನ್ನು ಥಟ್ಟನೆ ಬಿಟ್ಟಾಗ ಬರುವ ತೊಂದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಶುರುವಾಗುತ್ತದೆ. ಖಿನ್ನತೆ ಮರಳುವುದಾದರೆ ಹೆಚ್ಚಾಗಿ ವಾರಗಟ್ಟಲೆ ತೆಗೆದುಕೊಂಡು, ಮೆಲ್ಲಗೆ ಬರುತ್ತದೆ. ಆಕೆಯದು ಮೊದಲನೆಯದರ ಹಾಗೆ ಕಾಣುತ್ತಿತ್ತು. ಆದರೂ ಅದನ್ನು ನಿರ್ಧರಿಸಬೇಕಾದದ್ದು ಡಾಕ್ಟರು, ನಾನಲ್ಲ. “ಬಿಟ್ಟದ್ದಕ್ಕೆ ಸೇರಿಸಿ ಎರಡೆರಡು ನುಂಗಬೇಡಿ. ನೀವಾಗಿ ಪುನಃ ಶುರು ಮಾಡುದೂ ಬೇಡ. ಇವತ್ತೇ ಫೋನ್ ಮಾಡುವ” ಎಂದೆ.

ಚೀಟಿಯಲ್ಲಿ ಇದ್ದದ್ದು ಮಿರ್ಟಾಜಪಿನ್, ರಾತ್ರಿ 15 ಮಿಲಿಗ್ರಾಂ. ನಿದ್ದೆಯನ್ನೂ ಹಸಿವನ್ನೂ ಕಳೆದುಕೊಂಡವರಿಗೆ ಒಳ್ಳೆಯ ಮದ್ದು. ಮಿದುಳಿನಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಮಾಡುವ ಕೆಲಸವನ್ನು ಇದು ತಡೆಯುತ್ತದೆ. ನಿದ್ದೆ ಬರುವುದೂ ಹಸಿವು ಏರುವುದೂ ಬಹುಪಾಲು ಅದರಿಂದಲೇ. ಒಂಬತ್ತೂವರೆಗೆ ಗಂಜಿ ಊಟ, ಹತ್ತಕ್ಕೆ ಗುಳಿಗೆ, ಆಮೇಲೆ ಮಕ್ಕಳ ಬಿಸ್ಕತ್ತು, ಬೆಲ್ಲ ಅವಲಕ್ಕಿ, ಹಲಸಿನ ಹಪ್ಪಳ. “ನನಗೆ ಇಷ್ಟು ಆಸೆಬುರುಕುತನ ಯಾವಾಗ ಬಂತು ಗೊತ್ತಿಲ್ಲ” ಎಂದು ತಲೆ ತಗ್ಗಿಸಿದರು. ಆಸೆಬುರುಕುತನ ಅಲ್ಲ, ಮದ್ದಿನ ಕೆಲಸ ಎಂದು ಹೇಳಿದ್ದಕ್ಕೇ ಅರ್ಧ ಹಗುರಾದರು.

ಇದನ್ನು ಡಾಕ್ಟರಿಗೆ ಯಾಕೆ ಹೇಳಲಿಲ್ಲ? ಹೇಳಿದ್ದರಂತೆ. ಡಾಕ್ಟರು ಮಲಯಾಳಿ. ಈಕೆಗೆ ಇರುವುದು ಅಂಗಡಿಗೂ ಬಸ್ಸಿಗೂ ಸಾಕಾಗುವಷ್ಟು ಮಲಯಾಳ. ಅವರು “ವಿಶಪ್ಪುಂಡೋ?” ಎಂದು ಕೇಳಿದರು, ಹಸಿವು ಉಂಟಾ ಎಂದು. ಈಕೆ “ಉಂಡ್” ಎಂದರು. ಹೇಳಿದ್ದು ದೂರು, ಡಾಕ್ಟರಿಗೆ ಕೇಳಿಸಿದ್ದು ಶುಭವಾರ್ತೆ. ಹಸಿವೇ ಇಲ್ಲದೆ ಬಂದಿದ್ದ ರೋಗಿಗೆ ಹಸಿವು ಉಂಟು ಎಂದಮೇಲೆ ಅದೇ ಚೀಟಿ ಮುಂದುವರಿಯದೆ ಇನ್ನೇನು? ಅವರ ತಪ್ಪೂ ಅಲ್ಲ. 1956ರಲ್ಲಿ ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ಗಡಿ ಎಳೆದವರು ಇಂಥ ಒಂದು ಪದದ ಬಗ್ಗೆ ಯೋಚಿಸಿರಲಿಕ್ಕಿಲ್ಲ.

ಹಾಗಾಗಿ ಅರ್ಧ ಹಾಳೆಯಲ್ಲಿ ಮಲಯಾಳದಲ್ಲಿ ಬರೆದೆವು. ಗುಳಿಗೆ ನಿಲ್ಲಿಸಿ ಎಷ್ಟು ದಿನ, ರಾತ್ರಿಯ ಹಸಿವು, ಬಾಯಿ ಒಣಗುವುದು, ಬೆಳಿಗ್ಗೆ ಎಂಟರ ತನಕ ಬಿಡದ ಮಂಪರು, ಮತ್ತೆ ತೂಕ. ತೂಕಕ್ಕೆ ಎರಡಲ್ಲ, ಮೂರು ಅಂಕಿ ಬೇಕಾಯಿತು. ಕಾಯಿಲೆಗೆ ಮೊದಲು 53 ಕಿಲೋ, ಕಾಯಿಲೆಯಲ್ಲಿ ಇಳಿದು 46, ಈಗ 60. ಆಕೆಯ ಲೆಕ್ಕದಲ್ಲಿ ಹದಿನಾಲ್ಕು ಕಿಲೋ ಏರಿತ್ತು. ಅದರಲ್ಲಿ ಏಳು, ಊಟ ಬಿಟ್ಟು ಮಲಗಿದ್ದಾಗ ಕಳೆದದ್ದು ಮರಳಿದ್ದು. ಅದನ್ನೂ ಮದ್ದಿನ ತಲೆಗೆ ಕಟ್ಟುವುದು ನ್ಯಾಯವಲ್ಲ ಎಂದು ವಾದಿಸಿದೆ; ಪೂರ್ತಿ ಒಪ್ಪಲಿಲ್ಲ.

ಜಗಲಿಯಲ್ಲಿ ಅಡಿಕೆ ತೂಗುವ ಮೆಷಿನು ಉಂಟಲ್ಲ, ದಿನಾ ಅದರ ಮೇಲೆ ನಿಲ್ಲುತ್ತಿದ್ದರಂತೆ! ವಾರಕ್ಕೊಮ್ಮೆ, ಬೆಳಿಗ್ಗೆ, ಸಾಕು ಎಂದೆ. ರಾತ್ರಿ ಊಟ ಏಳೂವರೆಗೆ, ಗಂಜಿಯ ಜೊತೆ ಹೆಸರುಕಾಳಿನ ಗಸಿಯೋ ಬಸಳೆಯೋ ಇರಲಿ. ಬರೀ ಗಂಜಿ-ಉಪ್ಪಿನಕಾಯಿ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬಿಸ್ಕತ್ತಿನ ಡಬ್ಬಿ ಗಂಡನ ಕಪಾಟಿಗೆ. ನಡೆಯಲು ಹೇಳಿದರೆ “ತೋಟದಲ್ಲಿ ನಡೆಯುದು ಸಾಲದಾ?” ಎಂದರು. ಕಾಯಿಲೆ ಬಂದಮೇಲೆ ತೋಟಕ್ಕೆ ಇಳಿದೇ ಇರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಉಪವಾಸದ ಯೋಚನೆಯನ್ನು ಮಾತ್ರ ಖಡಾಖಂಡಿತ ಬೇಡ ಎಂದೆ.

ಡಾಕ್ಟರು ಹಾಳೆ ಓದಿ ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಬರೆದರು. ಥೈರಾಯ್ಡ್ ಕಡಿಮೆಯಾದರೂ ತೂಕ ಏರುತ್ತದೆ, ಮನಸ್ಸು ಕುಗ್ಗುತ್ತದೆ. ಎರಡೂ ಸರಿಯಿದ್ದವು. ಮದ್ದು ಬದಲಾಗಿ ಸರ್ಟ್ರಲಿನ್ ಆಯಿತು, ಅದೂ ಖಿನ್ನತೆಯದೇ ಗುಳಿಗೆ. ಮೊದಲ ಹತ್ತು ದಿನ ಓಕರಿಕೆ. ತಿಂಡಿಯ ಮೇಲೆ ತೆಗೆದುಕೊಂಡಾಗ ತಡೆಯುವಂತಾಯಿತು. ಮೂರನೇ ಭೇಟಿಯಲ್ಲಿ, ಬಾಗಿಲು ಮುಚ್ಚಿದೆಯೇ ಎಂದು ನೋಡಿ, ಗಂಡನ ಹತ್ತಿರ ಹೋಗುವ ಮನಸ್ಸೇ ಇಲ್ಲ ಎಂದರು. ಈ ಬಗೆಯ ಗುಳಿಗೆಗಳಲ್ಲಿ ಅದೂ ಉಂಟು, ಹೇಳಲು ನಾಚುವವರೇ ಹೆಚ್ಚು. ಹಾಳೆಗೆ ಇನ್ನೊಂದು ಸಾಲು ಸೇರಿತು.

ಐದು ತಿಂಗಳಲ್ಲಿ ತೂಕ 57ಕ್ಕೆ ಬಂತು. ಇನ್ನು ಬಿಡಬಹುದಾ ಎಂದು ಕೇಳಿದ್ದಕ್ಕೆ ಡಾಕ್ಟರು, ಚೆನ್ನಾಗಿದ್ದರೂ ಕನಿಷ್ಠ ಇನ್ನಾರು ತಿಂಗಳು ಮುಂದುವರಿಸಿ, ಆಮೇಲೆ ಮೆಲ್ಲಗೆ ಇಳಿಸುವ ಎಂದಿದ್ದಾರೆ.

53ಕ್ಕೆ ಕಾಯುತ್ತ ಕೂರದೆ, ಇವತ್ತಿನ ಮೈಗೆ ನಾಲ್ಕು ರವಕೆ ಹೊಲಿಸಿ ಎಂದು ಮೊದಲ ದಿನವೇ ಹೇಳಿದ್ದೆ. ಮೊನ್ನೆ ಒಂದನ್ನು ಹಾಕಿಕೊಂಡು ಬಂದಿದ್ದರು. “ಒಳಗೆ ಎರಡಿಂಚು ಬಟ್ಟೆ ಬಿಡ್ಲಿಕ್ಕೆ ಹೇಳಿದ್ದೇನೆ ಅಕ್ಕಾ” ಎಂದರು. “ಏರಿದರೂ ಆಗ್ತದೆ, ಇಳಿದರೂ ಆಗ್ತದೆ.”